ಅರ್ಧ ಇಂಚು ಕಡಿಮೆ ಬಿದ್ದ ಬ್ರೊಕೊಲಿ

ನಾನು ಆತನನ್ನು ಮೊದಲು ಕಂಡದ್ದು ಮೇಷ್ಟ್ರ ಕೆಲಸದಿಂದ ನನ್ನ ನಿವೃತ್ತಿಗೆ ಎಂಟು ದಿನ ಉಳಿದಿದ್ದಾಗ. ಬೀಳ್ಕೊಡುಗೆಯ ದಿನ ತೊಡಬೇಕೆಂದು ಪೆಟ್ಟಿಗೆಯಿಂದ ಹೊರತೆಗೆದ ಹಳೆಯ ಕೋಟು ಹೊಟ್ಟೆಯ ಬಳಿ ಗುಂಡಿ ಹಾಕಿಸಿಕೊಳ್ಳಲು ಒಪ್ಪಲಿಲ್ಲ. ಅದನ್ನು ಕಂಕುಳಲ್ಲಿ ಅವುಚಿಕೊಂಡು ಬಸ್ ಡಿಪೋದ ಹಿಂದಿನ ಬೀದಿಯ ದರ್ಜಿಯ ಬಳಿಗೆ ಹೋದೆ. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಎರಡು ಹೊಲಿಗೆ ಯಂತ್ರ, ಒಂದು ಉದ್ದನೆಯ ಮೇಜು, ಪಾದರಸ ಅಲ್ಲಲ್ಲಿ ಎದ್ದುಹೋದ ನಿಲುಗನ್ನಡಿ. ಮೇಜಿನ ಮೇಲಿನ ಮೊಳೆಗೆ ಒಂದು ದೊಡ್ಡ ಕತ್ತರಿ ತೂಗುತ್ತಿತ್ತು. ಮೂಲೆಯ ಸ್ಟೂಲಿನ ಮೇಲೆ ಒಬ್ಬ ಹೆಂಗಸು ಅಂಗಿಯೊಂದಕ್ಕೆ ಕಾಜ ಹೊಲಿಯುತ್ತ ಕುಳಿತಿದ್ದಳು.

ದರ್ಜಿ ನನ್ನ ಮುಖವನ್ನೇ ನೋಡಲಿಲ್ಲ. ಕೋಟನ್ನು ತೆಗೆದುಕೊಂಡು ಒಳಮೈ ಹೊರಕ್ಕೆ ತಿರುವಿ, ಕಿಟಕಿಯ ಬೆಳಕಿಗೆ ಹಿಡಿದು, ಹೊಲಿಗೆಯ ಸಾಲನ್ನು ಉಗುರಿನಿಂದ ಸವರುತ್ತ ಹೋದ.

"ಇದನ್ನ ಹೊಲಿದದ್ದು ಯಾರು?"

"ಯಾರೋ ಒಬ್ಬರು ಇದ್ರು. ಮೂವತ್ತು ವರ್ಷದ ಮಾತು. ಅವರು ತೀರಿಕೊಂಡು ತುಂಬಾ ದಿನ ಆಯ್ತು."

"ಕೈ ಚೆನ್ನಾಗಿತ್ತು," ಎಂದ. ಮಾತು ಹೊಗಳಿಕೆಯದು, ಮುಖ ಮಾತ್ರ ಮಾತ್ರೆಯನ್ನು ನೀರಿಲ್ಲದೆ ನುಂಗಿದವನದು. ಕಾಲರನ್ನು ಎತ್ತಿ ನೋಡಿ, "ಕಾಲರ್ ಅಷ್ಟಕ್ಕಷ್ಟೆ," ಎಂದು ಸೇರಿಸಿದ.

ಕಾಜ ಹೊಲಿಯುತ್ತಿದ್ದ ಹೆಂಗಸು ತಲೆ ಎತ್ತದೆಯೇ ಹೇಳಿದಳು: "ಸತ್ತವರ ಮೇಲೂ ಹೊಟ್ಟೆಕಿಚ್ಚು ಪಡ್ತೀರಲ್ಲ, ನಿಮಗೆ ಏನನ್ನಬೇಕು!"

ಆಕೆಯೇ ಆತನ ಹೆಂಡತಿ. ನಾನು ನಕ್ಕುಬಿಟ್ಟೆ. ಆತ ನಗಲಿಲ್ಲ. ಕೊರಳಲ್ಲಿದ್ದ ಟೇಪನ್ನು ತೆಗೆದು ನನ್ನ ಬೆನ್ನ ಮೇಲೆ ಹಿಡಿದ. "ನಿಮ್ಮ ಬಲಭುಜ ಅರ್ಧ ಇಂಚು ಮೇಲಿದೆ ಮೇಷ್ಟ್ರೇ. ಬೋರ್ಡ್ ಮೇಲೆ ಬರೆದೂ ಬರೆದೂ ಆಗಿರೋದು. ಆ ಮಹಾನುಭಾವರು ಇದನ್ನ ಗಮನಿಸಲೇ ಇಲ್ಲ, ನೋಡಿ!" ಎಂದಾಗ ಆತನ ದನಿಯಲ್ಲಿ ಎಂಥ ಸಂತೋಷ! ಬೀಳ್ಕೊಡುಗೆಯ ದಿನ ಆ ಕೋಟು ನನ್ನ ಮೈಮೇಲೆ ಕೂತ ಹಾಗೆ ಹಿಂದೆಂದೂ ಕೂತಿರಲಿಲ್ಲ. ಅಂದಿನಿಂದ ನನಗೆ ಆ ಅಂಗಡಿಯ ಬೆಂಚು ಅಭ್ಯಾಸವಾಯಿತು.

ಬೀದಿಯವರು ಆತನನ್ನು ಕರೆಯುತ್ತಿದ್ದದ್ದು 'ಅರ್ಧಿಂಚು' ಎಂದು. ತೋಳು ಅರ್ಧ ಇಂಚು ಉದ್ದವಾಯಿತೆಂದು ಗಿರಾಕಿ ಬೇಡವೆಂದರೂ ಬಿಡದೆ ಬಿಚ್ಚಿ ಹೊಲಿಯುವವನಿಗೆ ಆ ಹೆಸರು ತಕ್ಕದ್ದೇ. ಆತನಿಗೆ ಎರಡು ಕಟ್ಟುನಿಟ್ಟಿನ ಪದ್ಧತಿಗಳಿದ್ದವು. ಒಂದು, ಮೊಳೆಯ ಮೇಲಿನ ಕತ್ತರಿ ಬಟ್ಟೆಯನ್ನಲ್ಲದೆ ಬೇರೇನನ್ನೂ ಮುಟ್ಟಬಾರದು, ಕಾಗದವನ್ನೂ ಕೂಡ. ಇನ್ನೊಂದು, ಶಾಲೆಯ ಮಕ್ಕಳ ಬಟ್ಟೆಯನ್ನು ಹೊಲಿಯುವಾಗ ಒಳಗೆ ಎರಡು ಇಂಚು ಮಡಿಕೆ ಬಿಟ್ಟೇ ಬಿಡುತ್ತಿದ್ದ. "ಬೆಳೆಯೋ ಮೈ ಅದು. ನಾವು ಆತುರಪಟ್ಟು ಕತ್ತರಿಸಿಬಿಟ್ರೆ ಆಮೇಲೆ ಬೆಳೆಯೋದೆಲ್ಲಿಗೆ?" ಎನ್ನುತ್ತಿದ್ದ. ಈ ಎರಡನೆಯ ಪದ್ಧತಿಯೇ ಮುಂದೆ ಆತನನ್ನು ಕೆಡಿಸಿತು.

ಇನ್ನು ಆತನ ಷಡ್ಡಕನ ವಿಚಾರ. ಹೆಂಡತಿಯ ಅಕ್ಕನನ್ನು ಮದುವೆಯಾಗಿದ್ದ ಆ ಮನುಷ್ಯ ಬಸ್ ಡ್ರೈವರು. ನಿವೃತ್ತಿಯಾಗಿ ಪಕ್ಕದ ಮನೆಯಲ್ಲೇ ಇದ್ದ. ಎರಡು ಮನೆಗಳ ಹಿತ್ತಿಲ ನಡುವೆ ಎದೆಮಟ್ಟದ ಒಂದು ಗೋಡೆ. ಡ್ರೈವರಿಗೆ ಬೆಳಗಿನಿಂದ ಸಂಜೆಯವರೆಗೆ ಸಿಳ್ಳೆ ಹಾಕುವ ಅಭ್ಯಾಸ. ಅದೊಂದೇ ಸಾಕಿತ್ತು ನಮ್ಮ ಅರ್ಧಿಂಚಿಗೆ.

"ಅರವತ್ತೊಂದು ವರ್ಷ, ಮೇಷ್ಟ್ರೇ. ತಲೇಲಿ ಒಂದು ಬಿಳಿ ಕೂದಲಿಲ್ಲ. ನನ್ನ ಮೇಲೆ ಹಗೆ ಸಾಧಿಸೋಕೇ ಕಪ್ಪಗಿದೆ ಅನ್ಸುತ್ತೆ," ಎಂದು ಒಮ್ಮೆ ಹೇಳಿದ. ಹದಿನೈದು ವರ್ಷದ ಹಿಂದೆ ಆ ಷಡ್ಡಕ ಗೊತ್ತಿಲ್ಲದೆ ಬಟ್ಟೆಯ ಕತ್ತರಿಯಿಂದ ಪಾರ್ಸಲಿನ ದಾರ ಕತ್ತರಿಸಿದ್ದನಂತೆ. ಆ ಕಥೆಯನ್ನು ನಾನು ಕಡಿಮೆಯೆಂದರೂ ಇಪ್ಪತ್ತು ಸಲ ಕೇಳಿದ್ದೇನೆ. ಪ್ರತಿ ಸಲವೂ ದಾರ ದಪ್ಪವಾಗುತ್ತಿತ್ತು. ಕೊನೆಯ ಸಲ ಅದು ಹಗ್ಗವೇ ಆಗಿತ್ತು.

ಎರಡೂವರೆ ವರ್ಷದ ಹಿಂದೆ ಆತನ ಹೆಂಡತಿ ಜ್ವರ ಬಂದು ಒಂದೂವರೆ ತಿಂಗಳು ಹಾಸಿಗೆ ಹಿಡಿದಳು. ಜ್ವರ ಬಿಟ್ಟಿತು, ನಾಲಿಗೆಯ ರುಚಿಯನ್ನು ಮಾತ್ರ ತನ್ನ ಜೊತೆಗೆ ಕೊಂಡೊಯ್ದಿತು. ಏನು ಕೊಟ್ಟರೂ "ಹತ್ತಿ ಅಗಿದ ಹಾಗಿದೆ" ಎಂದು ತಟ್ಟೆ ಸರಿಸುತ್ತಿದ್ದಳು. ಆತ ತಾನೇ ಒಲೆಯ ಮುಂದೆ ನಿಂತು ಏನೇನೋ ಮಾಡಿ ನೋಡಿದ. ಎರಡು ತುತ್ತಿಗೆ ಸಾಕೆನ್ನುವಳು. ಬೇರೆಯವರು ಆಕೆ ಸೊರಗಿದ್ದಾಳೆ ಎಂದಷ್ಟೇ ಅನ್ನುತ್ತಿದ್ದರು. ಎಷ್ಟು ಸೊರಗಿದ್ದಾಳೆಂಬುದು ಆತನೊಬ್ಬನಿಗೇ ಗೊತ್ತಿತ್ತು. ರವಿಕೆಗಳನ್ನು ಒಮ್ಮೆ ಒಂದು ಇಂಚು, ಇನ್ನೊಮ್ಮೆ ಇನ್ನೊಂದು ಇಂಚು ಹಿಡಿದು ಹೊಲಿದದ್ದು ಆತನೇ ತಾನೆ. ಹಿಡಿದ ಬಟ್ಟೆಯನ್ನು ಮಾತ್ರ ಕತ್ತರಿಸಿರಲಿಲ್ಲ, ಒಳಗೇ ಮಡಿಚಿಟ್ಟಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಪಕ್ಕದ ಮನೆಯಿಂದ ಆಕೆಯ ಅಕ್ಕ ಒಂದು ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಆಗ ನಾನು ಅಲ್ಲೇ ಬೆಂಚಿನ ಮೇಲಿದ್ದೆ. ಬಟ್ಟಲಲ್ಲಿ ಪುಟ್ಟ ಪುಟ್ಟ ಮರಗಳಂತೆ ಹಸಿರು ತುಂಡುಗಳು. ಆವಿಯಲ್ಲಿ ಬೇಯಿಸಿ ಉಪ್ಪು, ಮೆಣಸಿನ ಪುಡಿ ಉದುರಿಸಿದ್ದು.

"ಏನೇ ಇದು?"

"ಬ್ರೊಕೊಲಿ. ನಿಮ್ಮ ಭಾವ ಹಿತ್ತಿಲಲ್ಲಿ ಬೆಳೆದದ್ದು ಕಣೇ. ಒಂದು ಬಾಯಿಗೆ ಹಾಕಿಕೋ, ಸೇರದಿದ್ರೆ ಉಗುಳು."

ಆಕೆ ಒಂದು ತುಂಡು ಬಾಯಿಗಿಟ್ಟಳು. ಅಗಿದಳು. ಇನ್ನೊಂದನ್ನು ತಾನೇ ಎತ್ತಿಕೊಂಡಳು. ಬಟ್ಟಲು ಖಾಲಿಯಾದ ಮೇಲೆ, "ಇನ್ನೊಂದಿಷ್ಟು ಇದೆಯಾ?" ಎಂದು ಕೇಳಿದಳು.

ಅಕ್ಕನಿಗೆ ಕಣ್ಣು ತುಂಬಿ ಬಂತು. ನಾನು ದರ್ಜಿಯ ಕಡೆ ನೋಡಿದೆ. ಆತನ ಕಾಲು ಯಂತ್ರದ ಪೆಡಲಿನ ಮೇಲೆ ಹಾಗೇ ನಿಂತುಬಿಟ್ಟಿತ್ತು. ಸಂತೋಷಪಡಬೇಕೆಂದು ಆತನಿಗೆ ಗೊತ್ತಿತ್ತು, ಪಟ್ಟೂ ಇರಬೇಕು. ಆದರೆ ಸಂಜೆ ನನ್ನನ್ನು ಬೀದಿಯ ತಿರುವಿನವರೆಗೆ ಬಿಡಲು ಬಂದವನು ತಡೆಯಲಾರದೆ ಅಂದೇಬಿಟ್ಟ: "ಇಪ್ಪತ್ತೊಂಬತ್ತು ವರ್ಷ ಜೊತೇಲಿ ಬಾಳಿದೀನಿ ಮೇಷ್ಟ್ರೇ. ಎರಡು ತಿಂಗಳಿಂದ ತುತ್ತು ತುತ್ತಿಗೂ ಬೇಡಿಕೊಂಡಿದೀನಿ. ಕೊನೆಗೆ ಅವಳು ಬಾಯಿಬಿಟ್ಟು 'ಇನ್ನೂ ಬೇಕು' ಅಂದದ್ದು ಯಾರ ಮನೇದಕ್ಕೆ? ಆ ಸಿಳ್ಳೆಯವನ ಮನೇದಕ್ಕೆ!"

ಮರುದಿನವೇ ಹಿತ್ತಿಲಲ್ಲಿ ಮುರಿದ ಕುರ್ಚಿ, ಹಳೆಯ ಯಂತ್ರದ ಚಕ್ರ, ಬಟ್ಟೆಯ ಚೂರುಗಳ ಮೂಟೆ ಎಲ್ಲ ಒಂದು ಮೂಲೆಗೆ ಹೋದವು. ಗೋಡೆಯಾಚೆಯಿಂದ ಡ್ರೈವರು ನೋಡಿ, "ನನ್ನ ಹತ್ರ ಸಸಿ ಮಿಕ್ಕಿದೆ, ಆರೇಳು ತಗೊಂಡು ಹೋಗಪ್ಪಾ. ಇವತ್ತೇ ನೆಟ್ಟುಬಿಡು," ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

"ಬೇಡ. ನಾನು ಬೀಜದಿಂದಲೇ ಮಾಡ್ಕೋತೀನಿ."

"ತಡ ಆಗುತ್ತೆ ಕಣೋ. ಅದಕ್ಕೆ ಚಳಿ ಬೇಕು."

"ಆಗ್ಲಿ ಬಿಡಿ."

ಮಿಕ್ಕ ಸಸಿಗಳನ್ನು ಡ್ರೈವರು ತಾನೇ ನೆಟ್ಟುಕೊಂಡ. ನಮ್ಮವನು ಬೀಜ ತಂದು, ಕಾಗದದ ಲೋಟಗಳಲ್ಲಿ ಮಣ್ಣು ತುಂಬಿ, ಒಂದೊಂದರಲ್ಲೂ ಎರಡೆರಡು ಹಾಕಿದ. ಮೊಳಕೆ ಬಂದು, ನಾಲ್ಕೈದು ಎಲೆಯಾಗಿ, ನೆಲಕ್ಕೆ ನೆಡುವ ಹೊತ್ತಿಗೆ ಒಂದು ತಿಂಗಳು ಕಳೆದಿತ್ತು. ಗಿಡದಿಂದ ಗಿಡಕ್ಕೆ ಹದಿನೆಂಟು ಇಂಚು. ಟೇಪು ಹಿಡಿದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಕಲ್ಲುಗಳ ಮೇಲೆ ಗುರುತು ಮಾಡಿ, ಆರು ಗಿಡ ನೆಟ್ಟ. ಬೂದುಬಣ್ಣ ಬೆರೆತ ಹಸಿರಿನ ದಪ್ಪ ಎಲೆಗಳು; ನೀರು ಹಾಕಿದರೆ ನೆನೆಯದೆ ಹನಿ ಹನಿಯಾಗಿ ಉರುಳಿಹೋಗುತ್ತಿತ್ತು. ಬಿಳಿಯ ಚಿಟ್ಟೆಗಳು ಬಂದು ಮೊಟ್ಟೆಯಿಡತೊಡಗಿದಾಗ ಡ್ರೈವರು ಆಚೆ ಸಿಳ್ಳೆ ಹಾಕುತ್ತ ಹುಳು ಹೆಕ್ಕುತ್ತಿದ್ದ. ಈತ ಏನು ಮಾಡಿದನೆನ್ನುತ್ತೀರಿ? ಮಿಕ್ಕ ಸೊಳ್ಳೆಪರದೆಯ ಬಟ್ಟೆ ತೆಗೆದುಕೊಂಡು ಆರು ಗಿಡಕ್ಕೂ ಅಳತೆಯ ಮೇಲಂಗಿ ಹೊಲಿದ! ಕೆಳಗೆ ಎಲಾಸ್ಟಿಕ್, ಮೇಲೆ ಗುಂಡಿ.

"ನನಗೂ ಇಷ್ಟು ನಿಗಾ ಇಟ್ಟು ಹೊಲಿದುಕೊಟ್ಟಿಲ್ಲ," ಎಂದು ಹೆಂಡತಿ ಕಾಜ ಹಾಕುತ್ತ ನನಗೆ ಹೇಳಿದಳು. "ನನ್ನ ಸವತಿಯರಿಗೆ ನಾನೇ ಕಾಜ ಹೊಲೀತಾ ಇದೀನಿ ನೋಡಿ ಮೇಷ್ಟ್ರೇ."

ನಕ್ಕಳು. ಆದರೆ ಸೂಜಿ ಹಿಡಿದ ಬೆರಳು ಕಡ್ಡಿಯಂತಿತ್ತು. ಅಕ್ಕನ ಮನೆಯಿಂದ ಬ್ರೊಕೊಲಿ ಬಂದ ದಿನ ನಾಲ್ಕು ತುತ್ತು ಹೆಚ್ಚು ತಿನ್ನುತ್ತಿದ್ದಳು. ಬಾರದ ದಿನ ಮತ್ತೆ ಅದೇ ಹತ್ತಿ.

ಮುಂದೆ ಗಿಡಗಳ ನಡುನೆತ್ತಿಯಲ್ಲಿ ಹಸಿರು ಗುಂಡಿಯಷ್ಟು ಮೊಗ್ಗಿನ ಗೊಂಚಲು ಕಂಡಿತು. ಗುಂಡಿ ಲಿಂಬೆಯಾಯಿತು, ಲಿಂಬೆ ಮುಷ್ಟಿಯಾಯಿತು. ದಿನವೂ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಆತ ಒಂದೊಂದು ಮೇಲಂಗಿಯ ಗುಂಡಿ ಬಿಚ್ಚಿ, ಚೆಂಡಿನ ಸುತ್ತ ಟೇಪು ಹಿಡಿದು, ಅಳತೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಗಿರಾಕಿಗಳ ಎದೆ, ಸೊಂಟದ ಅಳತೆಗಳ ಕೆಳಗೆ 'ಮೂರನೇ ಗಿಡ, ಹದಿನಾರು' ಎಂದು ಬರೆದಿದ್ದನ್ನು ನಾನೇ ಓದಿದ್ದೇನೆ.

ಆ ಹದಿನಾರರ ದಿನವೇ ಡ್ರೈವರು ತನ್ನ ಗಿಡದ ಚೆಂಡನ್ನು ಕುಯ್ದು, ಗೋಡೆಯ ಮೇಲೆ ದೀಪದಂತೆ ಎತ್ತಿ ಹಿಡಿದ. "ಏನಪ್ಪಾ ಟೈಲರ್, ಇದಕ್ಕೊಂದು ಟೋಪಿ ಹೊಲಿದುಕೊಡ್ತೀಯಾ? ಅಳತೆ ತಗೋ!"

ತಮಾಷೆಗೆ ಹೇಳಿದ ಮಾತು. ಅರ್ಧಿಂಚು ನಿಜವಾಗಿಯೂ ಕೊರಳಿನ ಟೇಪು ತೆಗೆದು ಅಳೆದ. ಇಪ್ಪತ್ತು ಇಂಚು.

ಡ್ರೈವರು ಅದನ್ನು ಎರಡಾಗಿ ಮುರಿದು, "ಅರ್ಧ ನಿಮ್ಮವಳಿಗೆ," ಎಂದು ಚಾಚಿದ.

"ಬೇಡ. ನಮ್ಮನೇದೇ ಬರ್ತಾ ಇದೆ."

"ಬಂದಾಗ ಬರಲಿ, ಇವತ್ತು..."

"ಬೇಡ ಅಂದ್ನಲ್ಲ. ಇನ್ಮೇಲೆ ಕಳಿಸೋದೂ ಬೇಡ."

ಅಡಿಗೆಮನೆಯ ಕಿಟಕಿ ತೆರೆದಿತ್ತು. ಅಂದು ಆಕೆ ತಟ್ಟೆಯನ್ನೇ ಮುಟ್ಟಲಿಲ್ಲ ಎಂದು ಮರುದಿನ ಆತನೇ ನನಗೆ ಹೇಳಿದ, ಹೇಳಿದವನು ಒಡನೆಯೇ, "ಇಪ್ಪತ್ತು ಅಂದ್ರೇನು ಮಹಾ! ನಂದು ಒಂದು ವಾರದಲ್ಲಿ ಇಪ್ಪತ್ತೂವರೆ ಆಗುತ್ತೆ," ಎಂದ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ದಿನವೂ ಒಂದೇ ಮಾತುಕತೆ.

"ಇವತ್ತು ಕುಯ್ತೀರಾ?"

"ಇನ್ನೆರಡು ದಿನ."

"ನಿನ್ನೇನೂ ಎರಡು ದಿನ ಅಂದ್ರಿ."

"ಬೆಳೆಯೋ ಮೈ ಕಣೇ ಅದು. ಆತುರ ಮಾಡಬಾರದು."

ಹದಿನೇಳೂವರೆ. ಹದಿನೆಂಟೂ ಕಾಲು. ಹತ್ತೊಂಬತ್ತು. ಅಷ್ಟರಲ್ಲಿ ಚಳಿ ಹಿಂದೆಗೆದು ಬಿಸಿಲು ಏರತೊಡಗಿತ್ತು. ಡ್ರೈವರು ಗೋಡೆಯ ಮೇಲೆ ಮೊಣಕೈ ಊರಿ, "ಬಿಸಿಲು ಜೋರಾಗ್ತಿದೆ, ಕುಯ್ದುಬಿಡೋ ಮಾರಾಯ," ಎಂದ. ಈತ ಬಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ಉಪಾಯ ನೋಡಿದ್ರಾ? ನಂದು ಅವನದನ್ನ ಮೀರಿಸೋದು ಅವನಿಗೆ ಸಹಿಸ್ತಾ ಇಲ್ಲ. ಹೊಟ್ಟೆಕಿಚ್ಚಿನ ಮನುಷ್ಯ!"

"ಇನ್ನೂ ಬೆಳೆಯುತ್ತೆ ಅಲ್ವಾ ಮೇಷ್ಟ್ರೇ?" ಎಂದು ಕೇಳಿದ. "ಬೆಳೀಬಹುದು," ಎಂದೆ. ನನಗೆ ವ್ಯಾಕರಣ ಗೊತ್ತು, ಬ್ರೊಕೊಲಿ ಗೊತ್ತಿಲ್ಲ. ಗೊತ್ತಿಲ್ಲವೆಂದೇ ಹೇಳಬೇಕಿತ್ತು. ಮೂವತ್ತೆಂಟು ವರ್ಷ ಮಕ್ಕಳ ಮುಂದೆ ನಿಂತವನ ಬಾಯಿಗೆ ಆ ಮಾತು ಬೇಗ ಬರುವುದಿಲ್ಲ.

ಮೂರನೆಯ ಗಿಡ ಹತ್ತೊಂಬತ್ತೂವರೆ ಮುಟ್ಟಿದ ದಿನ ಆಕೆ ಕಾಜದ ಬಟ್ಟೆಯನ್ನು ಮಡಿಲಲ್ಲಿ ಇಳಿಸಿ ನೇರವಾಗಿ ಕೇಳಿದಳು: "ನೀವು ಇದನ್ನ ನಾನು ತಿನ್ನಲಿ ಅಂತ ಬೆಳೀತಿದೀರೋ, ಭಾವನಿಗೆ ತೋರಿಸೋಕೆ ಬೆಳೀತಿದೀರೋ?"

"ಅರ್ಧ ಇಂಚು ಕಣೇ! ಅರ್ಧ ಇಂಚು ಕಡಿಮೆ ಇದೆ!"

ಆಕೆ ಕಾಜದ ಬಟ್ಟೆಯನ್ನು ಮತ್ತೆ ಎತ್ತಿಕೊಂಡಳು. ಅಂದಿನಿಂದ ಕುಯ್ತೀರಾ ಎಂದು ಕೇಳುವುದನ್ನೇ ಬಿಟ್ಟಳು.

ನಾಲ್ಕು ದಿನ ಬಿಟ್ಟು ಅಂಗಿಯೊಂದನ್ನು ತರಲು ಹೋದಾಗ ಹಾಡಹಗಲೇ ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಯಂತ್ರದ ಸದ್ದಿಲ್ಲ. ಹಿತ್ತಿಲಿಗೆ ಹೋದೆ. ಅರ್ಧಿಂಚು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತಿದ್ದ. ಆರು ಮೇಲಂಗಿಗಳೂ ಬಿಚ್ಚಿ ನೆಲದ ಮೇಲಿದ್ದವು. ಬಿಗಿಯಾಗಿ ಹೆಣೆದಂತಿದ್ದ ಚೆಂಡುಗಳು ಸಡಿಲಗೊಂಡು, ಎಳೆ ಎಳೆಯಾಗಿ ಮೇಲೆದ್ದು, ತುದಿಗಳಲ್ಲಿ ಹಳದಿ ಹೂ ಬಿಟ್ಟಿದ್ದವು. ಜೇನುನೊಣಗಳು ಗುಂಯ್ ಎನ್ನುತ್ತಿದ್ದವು.

"ಇದು ಹೂವಂತೆ ಮೇಷ್ಟ್ರೇ," ಎಂದ ನನ್ನತ್ತ ನೋಡದೆ. "ನಾವು ತಿನ್ನೋದೇ ಮೊಗ್ಗಂತೆ. ಮಗುವಿನ ಮೈ ಹಾಗೆ ಬೆಳೀತಾ ಹೋಗುತ್ತೆ ಅಂದ್ಕೊಂಡಿದ್ದೆ. ಅದು ಅರಳೋಕೆ ಕಾಯ್ತಾ ಇತ್ತು. ಹಾಳಾದ್ದು ಇಪ್ಪತ್ತೂ ಆಗಲಿಲ್ಲ."

ಆಗ ಹಿಂದಿನಿಂದ ಆಕೆ ಬಂದಳು. ಒಂದು ಕೈಯಲ್ಲಿ ಬಟ್ಟಲು. ಇನ್ನೊಂದು ಕೈ ನೋಡಿ ಆತ ದಡಕ್ಕನೆ ಎದ್ದ.

"ಅದು ಬಟ್ಟೆಯ ಕತ್ತರಿ!"

"ಗೊತ್ತು."

"ಅಡಿಗೆಮನೇಲಿ ಚಾಕು ಇದೆಯಲ್ಲೇ!"

"ಚಾಕು ಹುಡುಕೋಕೆ ಹೋದ್ರೆ ನೀವು ಮತ್ತೆ ಎರಡು ದಿನ ಅಂತೀರಿ."

ಮೂರನೆಯ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ಕತ್ತರಿ ಒತ್ತಿದಳು. ದಪ್ಪ ಕಾಂಡ ಒಂದೇ ಸಲಕ್ಕೆ ಜಗ್ಗಲಿಲ್ಲ. ಮೂರು ಸಲ ಕಚಕ್ ಕಚಕ್ ಎಂದಿತು. ಒಂದೊಂದು ಸದ್ದಿಗೂ ಆತ ತನ್ನ ಬೆರಳೇ ಸಿಕ್ಕಿಕೊಂಡಂತೆ ಕಣ್ಣು ಮುಚ್ಚುತ್ತಿದ್ದ. ಬೇಡ ಎನ್ನಲಿಲ್ಲ.

ಗೋಡೆಯಾಚೆ ಡ್ರೈವರ ತಲೆ ಕಾಣಿಸಿತು. ಅಂದು ಸಿಳ್ಳೆ ಇರಲಿಲ್ಲ. "ಗಿಡ ಕೀಳಬೇಡಮ್ಮಾ. ಹಾಗೇ ಬಿಡು, ಪಕ್ಕದ ಎಲೆಗಳ ಕಂಕುಳಿಂದ ಮರಿಚೆಂಡು ಹೊರಡುತ್ವೆ. ನಂದೂ ಹೋದ ವರ್ಷ ಹೀಗೇ ಹೂವಾಗಿತ್ತು," ಎಂದ.

ಆಕೆ ತಲೆಯಾಡಿಸಿದಳು. ಅರ್ಧಿಂಚು ನನಗೆ ಮಾತ್ರ ಕೇಳುವಂತೆ, "ನನ್ನ ಹಿತ್ತಿಲಲ್ಲೂ ಅವನದೇ ಡ್ರೈವಿಂಗು. ಹೂವಾಗೋದರಲ್ಲೂ ನನಗಿಂತ ಮೊದಲು!" ಎಂದ.

ಹೂಬಿಟ್ಟ ಬ್ರೊಕೊಲಿಯನ್ನೇ ಆಕೆ ಬೇಯಿಸಿದಳು. ನನಗೂ ಒಂದು ತಟ್ಟೆ ಇಟ್ಟಳು. ಆತ ತನ್ನ ತಟ್ಟೆ ಮುಟ್ಟದೆ, ಕನ್ನಡಿಯ ಮುಂದೆ ನಿಂತ ಗಿರಾಕಿಯ ಬೆನ್ನನ್ನು ನೋಡುವಂತೆ ಹೆಂಡತಿಯ ಬಾಯನ್ನೇ ನೋಡುತ್ತಿದ್ದ. ಆಕೆ ಅಗಿದಳು. ಹುಬ್ಬು ಗಂಟಿಕ್ಕಿದಳು.

"ಉಪ್ಪು ಸಾಲದು."

ಇಷ್ಟು ತಿಂಗಳು ಆಕೆ ಚಮಚದ ಲೆಕ್ಕದಲ್ಲಿ ಉಪ್ಪು ಹಾಕಿ ಅಡಿಗೆ ಮಾಡಿದವಳು. ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಗಂಡನನ್ನೇ ಕೇಳಬೇಕಿತ್ತು. ಆತ ಎದ್ದು ಉಪ್ಪಿನ ಡಬ್ಬಿ ತರಲು ಒಳಗೆ ಹೋದ. ತನ್ನದೇ ಅಡಿಗೆಮನೆಯಲ್ಲಿ ಡಬ್ಬಿ ಸಿಕ್ಕಲು ಬಹಳ ಹೊತ್ತು ಹಿಡಿಯಿತು. ಬಂದಾಗ ಮೂಗು ಕೆಂಪಾಗಿತ್ತು.

"ಕಹಿ ಕೂಡ ಇದೆ," ಎಂದಳು ಆಕೆ, ಉಪ್ಪು ಉದುರಿಸಿಕೊಳ್ಳುತ್ತ. "ಭಾವನದು ಇಷ್ಟು ಕಹಿ ಇರಲಿಲ್ಲ."

ಆತನ ಮುಖ ತಟ್ಟನೆ ಬಾಡಿತು.

"ಹಾಗಂತ ಪಾತ್ರೆ ಮುಚ್ಚಿಡ್ತೀರಾ? ಇನ್ನೊಂದಿಷ್ಟು ಹಾಕಿ."

ಮಿಕ್ಕ ಐದನ್ನೂ ಆ ವಾರದಲ್ಲೇ ಕತ್ತರಿಸಿದಳು. ಹದಿನೈದು ದಿನಕ್ಕೆ ಎಲೆಗಳ ಕಂಕುಳಿಂದ ಹೆಬ್ಬೆಟ್ಟಿನಷ್ಟು ಮರಿಚೆಂಡುಗಳು ಹೊರಟವು. ಅಷ್ಟು ಸಣ್ಣದನ್ನು ಅಳೆಯಲು ಟೇಪಿಗೆ ಹಿಡಿತವೇ ಸಿಗುತ್ತಿರಲಿಲ್ಲ. ಹಾಗಾಗಿ ಅವು ಅರಳುವ ಮೊದಲೇ ಆಕೆಯ ಬಟ್ಟಲು ಸೇರಿದವು.

ಈಗ ಮೂರನೆಯ ವರ್ಷದ ಬೆಳೆ ನಡೆಯುತ್ತಿದೆ. ಗಿಡ ಹನ್ನೆರಡಾಗಿವೆ. ಬೆಳೆಸುವುದು ಆತ, ಯಾವಾಗ ಕುಯ್ಯಬೇಕೆಂಬ ಮಾತು ಆಕೆಯದು. ಅಂಗಡಿಯ ಮೊಳೆಯ ಮೇಲೆ ಹೊಸ ಕತ್ತರಿ ಬಂದಿದೆ. ಹಳೆಯದು ಹಿತ್ತಿಲ ಬಾಗಿಲಿನ ಹಿಂದೆ ತೂಗುತ್ತದೆ. ಅದರಿಂದ ಈಗ ಬಟ್ಟೆ ಕತ್ತರಿಸುವ ಹಾಗಿಲ್ಲ. ಅದು ಆಕೆಯ ಪದ್ಧತಿ. ರವಿಕೆಗಳ ಒಳಗೆ ಮಡಿಚಿಟ್ಟಿದ್ದ ಎರಡು ಇಂಚಿನಲ್ಲಿ ಒಂದೂವರೆಯನ್ನು ಆತ ಬಿಚ್ಚಿಯಾಗಿದೆ. "ಇನ್ನು ಅರ್ಧ ಇಂಚು ಇದೆ ಮೇಷ್ಟ್ರೇ," ಎಂದು ಮೊನ್ನೆ ಹೇಳಿದಾಗ ಆ ಅರ್ಧ ಇಂಚಿನ ಬಗ್ಗೆ ಆತನಿಗೆ ಸ್ವಲ್ಪವೂ ಆತುರವಿದ್ದಂತೆ ಕಾಣಲಿಲ್ಲ.

ಗುಣ ಮಾತ್ರ ಹಾಗೇ ಇದೆ. ಮೊನ್ನೆ ನಾನು ಹೋದಾಗ ಹಿತ್ತಿಲಲ್ಲಿ ಕಾಜದ ಸ್ಟೂಲಿನ ಮೇಲೆ ನಿಂತು ಗೋಡೆಯಾಚೆಯ ಬುಡದಲ್ಲಿದ್ದ ಗಿಡಗಳನ್ನು ಇಣುಕಿ ನೋಡುತ್ತಿದ್ದ. ಡ್ರೈವರು ಈ ಸಲ ನೇರಳೆ ಬಣ್ಣದ ಬ್ರೊಕೊಲಿ ಬೆಳೆದಿದ್ದಾನೆ.

"ಬಣ್ಣ ಹಾಕಿಸಿರಬೇಕು ಮೇಷ್ಟ್ರೇ. ಬಟ್ಟೆಗೆ ಹಾಕ್ತಾರಲ್ಲ, ಹಾಗೆ. ನೀರಿಗೆ ಹಾಕಿದ್ರೆ ಬಿಡುತ್ತೆ ನೋಡ್ತಿರಿ."

"ಕೂದಲಿಗೆ ಹಾಕಿದ್ದು ಮಿಕ್ಕಿತ್ತು ಕಣಪ್ಪಾ, ಸುರಿದುಬಿಟ್ಟೆ!" ಎಂದು ಆಚೆಯಿಂದ ಉತ್ತರ ಬಂತು. ಹಿಂದೆಯೇ ಸಿಳ್ಳೆ.

"ಕೇಳಿದ್ರಾ? ಕೂದಲಿಗೆ ಬಣ್ಣ ಅಂತ ಬಾಯಿಬಿಟ್ಟ!" ಎಂದು ಅರ್ಧಿಂಚು ಸ್ಟೂಲಿನ ಮೇಲೆ ಕುಣಿದಾಡುವುದೊಂದು ಬಾಕಿ.

ಬಾಗಿಲ ಹಿಂದೆ ಕತ್ತರಿ ಮೊಳೆಯಿಂದ ಇಳಿದ ಸದ್ದಾಯಿತು. "ಐದನೇ ಗಿಡದ್ದು ಇವತ್ತು," ಎಂದು ಆಕೆ ಹೊರಗೆ ಬಂದಳು. ಆತ ಅದನ್ನೊಮ್ಮೆ ನೋಡಿ, ಕೊರಳಿನ ಟೇಪಿಗೆ ಕೈ ಹಾಕಿ, ಆಕೆಯ ಕಣ್ಣು ನೋಡಿ, ಕೈ ತೆಗೆದ. ಸ್ಟೂಲಿನಿಂದಿಳಿದು ಬಟ್ಟಲು ಹಿಡಿದುಕೊಂಡು ಆಕೆಯ ಪಕ್ಕದಲ್ಲಿ ಕುಕ್ಕರಿಸಿದ. ಕತ್ತರಿ ಆಡುತ್ತಿದ್ದಾಗ ಕುತ್ತಿಗೆ ಉದ್ದ ಮಾಡಿ ಗೋಡೆಯ ಕಡೆಗೇ ನೋಡುತ್ತಿದ್ದ. ಬಟ್ಟಲು ಮಾತ್ರ ಅಲುಗಲಿಲ್ಲ.